525 ರನ್ ಹೊಡೆದವರಿಗೂ ಖಾತ್ರಿ ಇರಲಿಲ್ಲ: ಮೂಲ್ಕಿಯ ಬುಧಿ ಕುಂದರನ್ ಕಥೆ

ವಿಜಯನಗರದ ಯಾವುದಾದರೂ ದರ್ಶಿನಿ ಮುಂದೆ, ಕಾಫಿ ಲೋಟ ಹಿಡಿದು ಕ್ರಿಕೆಟ್ ಮಾತಾಡುವವರನ್ನು ಒಂದು ಪ್ರಶ್ನೆ ಕೇಳಿ ನೋಡಿ. ಒಂದೇ ಟೆಸ್ಟ್ ಸರಣಿಯಲ್ಲಿ ಅತಿ ಹೆಚ್ಚು ರನ್ ಹೊಡೆದ ಭಾರತದ ವಿಕೆಟ್ ಕೀಪರ್ ಯಾರು? ಒಬ್ಬರು ಧೋನಿ ಅನ್ನುತ್ತಾರೆ. ಇನ್ನೊಬ್ಬರು ರಿಷಭ್ ಪಂತ್ ಅನ್ನುತ್ತಾರೆ. ವಯಸ್ಸಾದವರು ಇದ್ದರೆ ಫಾರೂಕ್ ಎಂಜಿನಿಯರ್ ಹೆಸರು ಬರಬಹುದು, ನಮ್ಮ ಕಿರ್ಮಾನಿ ಹೆಸರೂ ಬರಬಹುದು.

ಈ ನಾಲ್ವರೂ ಅಲ್ಲ. 2025ರ ಇಂಗ್ಲೆಂಡ್ ಸರಣಿಯಲ್ಲಿ ಪಂತ್ 479ರವರೆಗೆ ಬಂದರು, ಕಾಲಿಗೆ ಪೆಟ್ಟಾಗಿ ಅಲ್ಲೇ ನಿಂತರು. ದಾಖಲೆ ಇರುವುದು 525 ರನ್. ಅದು ಬಂದದ್ದು 1964ರಲ್ಲಿ. ಹೊಡೆದವರು ಬುಧಿಸಾಗರ ಕೃಷ್ಣಪ್ಪ ಕುಂದರನ್. ಹುಟ್ಟಿದ್ದು ನಮ್ಮ ಕರಾವಳಿಯ ಮೂಲ್ಕಿಯಲ್ಲಿ, ರಣಜಿ ಆಡಿದ್ದು ರೈಲ್ವೇಸ್‌ಗೆ, ಆಮೇಲೆ ನಮ್ಮದೇ ಮೈಸೂರು ತಂಡಕ್ಕೆ. ತೀರಿಕೊಂಡದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ.

ಆರು ದಶಕ ಕಳೆದರೂ ಮುರಿಯದ ದಾಖಲೆ ಮಾಡಿದ ಆಟಗಾರನ ಹೆಸರು ಸ್ವಂತ ರಾಜ್ಯದಲ್ಲೇ ಯಾಕೆ ನಾಲಿಗೆ ಮೇಲೆ ಬರುವುದಿಲ್ಲ? ಮರೆವು ಅಂತ ಹೇಳಿ ಮುಗಿಸಬಹುದು. ಆದರೆ ಕುಂದರನ್ ಬದುಕನ್ನು ಮೊದಲಿಂದ ನೋಡಿದರೆ ಬೇರೆಯದೇ ಉತ್ತರ ಸಿಗುತ್ತದೆ. ಅವರ ಕಾಲದ ಭಾರತೀಯ ಕ್ರಿಕೆಟ್ ಆಟಗಾರನಿಂದ ಎಲ್ಲವನ್ನೂ ಕೇಳಿತು. ಪ್ರತಿಯಾಗಿ ಜಾಗದ ಖಾತ್ರಿಯನ್ನೂ ಕೊಡಲಿಲ್ಲ, ಹೊಟ್ಟೆಪಾಡಿನ ಖಾತ್ರಿಯನ್ನೂ ಕೊಡಲಿಲ್ಲ. ಆಟವನ್ನೇ ಕೆಲಸವೆಂದು ನೋಡಿ ಸಂಬಳ ಕೊಡುವ ಊರು ಸಿಕ್ಕಿದಾಗ ಅವರು ಹೊರಟುಹೋದರು. ಹೋದವರನ್ನು ನಾವು ಲೆಕ್ಕದಿಂದ ತೆಗೆದುಬಿಟ್ಟೆವು.

ಎರವಲು ಗ್ಲೌಸ್, ಪಾರ್ಕಿನಲ್ಲಿ ನಿದ್ದೆ

ಕುಂದರನ್ ಹುಟ್ಟಿದ್ದು 1939ರ ಅಕ್ಟೋಬರ್ 2ರಂದು. ಆಗ ಮೂಲ್ಕಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಊರು. ಮಂಗಳೂರಿಗೂ ಉಡುಪಿಗೂ ನಡುವೆ, ಶಾಂಭವಿ ನದಿ ಸಮುದ್ರ ಸೇರುವ ಕಡೆ. ಆ ಕರಾವಳಿಯಿಂದ ಬೊಂಬಾಯಿಗೆ ಹೋಗುವುದು ಆ ಕಾಲದಲ್ಲಿ ದೊಡ್ಡ ವಿಷಯವೇ ಅಲ್ಲ. ಹೋಟೆಲ್ ಕೆಲಸಕ್ಕೆ, ಗಿರಣಿಗೆ, ಬಂದರಿಗೆ, ಗುಮಾಸ್ತಗಿರಿಗೆ ಅಂತ ಮನೆಮನೆಯಿಂದ ಜನ ಹೋಗುತ್ತಿದ್ದರು. ಕುಂದರನ್ ಬೆಳೆದದ್ದೂ ಬೊಂಬಾಯಿಯಲ್ಲೇ. ಮನೆ ಚಿಕ್ಕದು, ಜನ ಜಾಸ್ತಿ.

ಅಪ್ಪನಿಗೆ ಮಗ ಕ್ರಿಕೆಟ್ ಆಡುವುದು ಇಷ್ಟವಿರಲಿಲ್ಲ. ಈ ಮಾತು ಕೇಳಿದರೆ ಇವತ್ತಿನ ಬಸವೇಶ್ವರನಗರದ ಅಪ್ಪಂದಿರಿಗೆ ನಗು ಬರಬಹುದು. ಅವರು ಮಗನನ್ನು ಬೆಳಗ್ಗೆ ಐದೂವರೆಗೆ ಎಬ್ಬಿಸಿ, ಸ್ಕೂಟರ್ ಹಿಂದೆ ಕೂರಿಸಿಕೊಂಡು ಕೋಚಿಂಗ್ ಕ್ಯಾಂಪಿಗೆ ಬಿಡುತ್ತಾರೆ. 1950ರ ದಶಕದಲ್ಲಿ ಲೆಕ್ಕ ಬೇರೆ ಇತ್ತು. ಕ್ರಿಕೆಟ್‌ನಲ್ಲಿ ದುಡ್ಡಿಲ್ಲ, ಹಾಗಾಗಿ ಅದು ಸಮಯ ಹಾಳು. ಸಂಬಳದ ಮೇಲೆ ಸಂಸಾರ ತೂಗಿಸುವ ಮನುಷ್ಯ ಹಾಗೆ ಯೋಚಿಸಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಶಾಲೆಯ ತಂಡಕ್ಕೆ ಆಯ್ಕೆಯಾದಾಗ ಹುಡುಗನ ಹತ್ತಿರ ಬಿಳಿ ಬಟ್ಟೆ ಇರಲಿಲ್ಲ. ಅಪ್ಪ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಮ್ಮ ಅವರ ಬಟ್ಟೆಯನ್ನೇ ಕತ್ತರಿಸಿ ಮಗನ ಅಳತೆಗೆ ಹೊಲಿದುಕೊಟ್ಟರು ಅಂತ ಒಂದು ಕಥೆ ಕುಂದರನ್ ಬಗ್ಗೆ ಯಾರೇ ಬರೆದರೂ ಬರುತ್ತದೆ. ಆ ಪಂದ್ಯದಲ್ಲಿ ಹುಡುಗ ಚೆನ್ನಾಗಿ ಹೊಡೆದ, ಪತ್ರಿಕೆಯಲ್ಲಿ ಫೋಟೊ ಬಂತು. ಗುಟ್ಟು ರಟ್ಟಾಗದೆ ಇರುತ್ತದೆಯೇ?

1959ರ ಡಿಸೆಂಬರ್‌ನಲ್ಲಿ ರಿಚಿ ಬೆನೋ ನಾಯಕತ್ವದ ಆಸ್ಟ್ರೇಲಿಯಾ ತಂಡ ಭಾರತದಲ್ಲಿತ್ತು. ಕಾನ್ಪುರದಲ್ಲಿ ಜಸು ಪಟೇಲ್ 14 ವಿಕೆಟ್ ಕಿತ್ತು, ಭಾರತ ಮೊದಲ ಬಾರಿಗೆ ಆಸ್ಟ್ರೇಲಿಯಾವನ್ನು ಟೆಸ್ಟಿನಲ್ಲಿ ಸೋಲಿಸಿತ್ತು. ಗೆದ್ದ ತಂಡವನ್ನು ಯಾರೂ ಸುಲಭಕ್ಕೆ ಮುಟ್ಟುವುದಿಲ್ಲ. ಆದರೂ ಮುಂದಿನ ಬೊಂಬಾಯಿ ಟೆಸ್ಟಿಗೆ ಕೀಪರ್ ನರೇನ್ ತಮ್ಹಾನೆ ಜಾಗಕ್ಕೆ ಇಪ್ಪತ್ತು ವರ್ಷದ ಕುಂದರನ್ ಬಂದರು. ಆಗ ಅವರು ಒಂದೇ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. 1960ರ ಜನವರಿ 1ರಂದು, ಹೊಸ ವರ್ಷದ ದಿನವೇ, ಬ್ರೇಬೋರ್ನ್ ಸ್ಟೇಡಿಯಂನಲ್ಲಿ ಟೆಸ್ಟ್ ಆಟಗಾರರಾದರು.

ಅವರ ಹತ್ತಿರ ಟೆಸ್ಟ್ ಆಡಲು ತಕ್ಕ ಗ್ಲೌಸ್ ಇರಲಿಲ್ಲ. ಯಾರ ಜಾಗಕ್ಕೆ ಬಂದರೋ ಆ ತಮ್ಹಾನೆಯವರ ಗ್ಲೌಸನ್ನೇ ಎರವಲು ಪಡೆದು ಕೀಪಿಂಗ್ ಮಾಡಿದರು. ಜಾಗ ಕಳೆದುಕೊಂಡವರು ಕಿತ್ತುಕೊಂಡವನಿಗೆ ಗ್ಲೌಸ್ ಕೊಟ್ಟರು ಅಂದರೆ ತಮ್ಹಾನೆ ಎಂಥ ಮನುಷ್ಯ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಪಂದ್ಯದ ಹಿಂದಿನ ರಾತ್ರಿ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದೆ ಕುಂದರನ್ ಪಾರ್ಕಿನಲ್ಲಿ ಮಲಗಿದ್ದರು ಅನ್ನುವುದು ಇನ್ನೊಂದು ಪ್ರಸಿದ್ಧ ಕಥೆ. ಇವತ್ತು ಟೆಸ್ಟ್ ಆಟಗಾರರು ತವರೂರಿನಲ್ಲೂ ಪಂಚತಾರಾ ಹೋಟೆಲಿನಲ್ಲಿ ಉಳಿಯುತ್ತಾರೆ.

ಮುಂದಿನ ಮದ್ರಾಸ್ ಟೆಸ್ಟಿನಲ್ಲಿ ಅವರನ್ನು ಇನಿಂಗ್ಸ್ ಆರಂಭಿಸಲು ಕಳಿಸಿದರು. ಎದುರಿಗೆ ಅಲನ್ ಡೇವಿಡ್ಸನ್, ಬೆನೋ. ಭಾರತ 149ಕ್ಕೆ ಮುಗಿಯಿತು. ಅದರಲ್ಲಿ 71 ರನ್, ಹೆಚ್ಚುಕಡಿಮೆ ಅರ್ಧ, ಕುಂದರನ್ ಅವರದು. ಅದೇ ಋತುವಿನಲ್ಲಿ ರೈಲ್ವೇಸ್ ಪರ ಮೊದಲ ರಣಜಿ ಪಂದ್ಯ ಆಡಲು ಹೋದರು. ಜಮ್ಮು ಮತ್ತು ಕಾಶ್ಮೀರದ ಮೇಲೆ 205 ಹೊಡೆದರು. ಮೊದಲು ಟೆಸ್ಟ್, ಆಮೇಲೆ ರಣಜಿ; ಅದರಲ್ಲೂ ಮೊದಲ ಪಂದ್ಯದಲ್ಲೇ ದ್ವಿಶತಕ. ತಲೆಕೆಳಗಾದ ಏಣಿಯನ್ನು ಹತ್ತಿದ ಹಾಗೆ.

ಕೀಪರ್ ಕೆಲಸ ಏನು ಅನ್ನುವ ಪ್ರಶ್ನೆ

ಆ ಕಾಲದಲ್ಲಿ ಕೀಪರ್ ಅಂದರೆ ಮೊದಲು ಕೈ, ಆಮೇಲೆ ಬ್ಯಾಟು. ಏಳಕ್ಕೋ ಎಂಟಕ್ಕೋ ಬಂದು ಇಪ್ಪತ್ತು ರನ್ ಮಾಡಿದರೆ ಅದು ಲಾಭ, ಮಾಡದಿದ್ದರೆ ನಷ್ಟವೇನಿಲ್ಲ. ದಿನವಿಡೀ ಸ್ಪಿನ್ನರ್‌ಗಳ ಹಿಂದೆ ಕುಕ್ಕರಗಾಲಲ್ಲಿ ಕೂತು ಎದ್ದು ಮಾಡುವವನು ಇನಿಂಗ್ಸ್ ಆರಂಭಿಸಲಿ ಅಂತ ಯಾರೂ ನಿರೀಕ್ಷಿಸುತ್ತಿರಲಿಲ್ಲ.

ಕುಂದರನ್ ಈ ಅಚ್ಚಿಗೆ ಕೂರಲಿಲ್ಲ. ಕ್ರೀಸ್ ಬಿಟ್ಟು ಮುಂದೆ ಬಂದು ಹೊಡೆಯುವುದು, ಹುಕ್ ಮಾಡುವುದು, ಹೊಸ ಚೆಂಡಿದ್ದರೂ ಬೌಂಡರಿ ಹುಡುಕುವುದು ಅವರ ರೀತಿ. ಜನಕ್ಕೆ ಅದು ಇಷ್ಟವಾಯಿತು. ಆಯ್ಕೆ ಸಮಿತಿಗೆ ಕೆಲವೊಮ್ಮೆ ಇಷ್ಟವಾಯಿತು, ಕೆಲವೊಮ್ಮೆ ಆಗಲಿಲ್ಲ.

1961ರ ಡಿಸೆಂಬರ್‌ನಲ್ಲಿ ಕಾನ್ಪುರದಲ್ಲಿ ಇನ್ನೊಬ್ಬ ಕೀಪರ್ ಬಂದರು: ಫಾರೂಕ್ ಎಂಜಿನಿಯರ್. ಅವರೂ ಬೊಂಬಾಯಿಯವರೇ, ಅವರೂ ಧಾಂಡಿಗರೇ. ಒಂದೇ ಥರದ ಇಬ್ಬರು, ಇರುವುದು ಒಂದೇ ಜಾಗ. ಅಲ್ಲಿಂದ ಮುಂದಿನ ಆರು ವರ್ಷ ಗ್ಲೌಸ್ ಇವರಿಂದ ಅವರಿಗೆ, ಅವರಿಂದ ಇವರಿಗೆ ಓಡಾಡಿತು. 1962ರಲ್ಲಿ ವೆಸ್ಟ್ ಇಂಡೀಸ್‌ಗೆ ಇಬ್ಬರೂ ಹೋದರು. ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಬಡಿದು ಜೀವ ಹೋಗುವುದೇ ಉಳಿದ ಪ್ರವಾಸ ಅದು. ಐದಕ್ಕೆ ಐದು ಟೆಸ್ಟ್ ಸೋತು ತಂಡ ವಾಪಸ್ ಬಂತು.

ಮದ್ರಾಸಿನ ಆ ಮೊದಲ ದಿನ

1964ರ ಜನವರಿ. ಮೈಕ್ ಸ್ಮಿತ್ ನಾಯಕತ್ವದ ಇಂಗ್ಲೆಂಡ್ ತಂಡ ಬಂದಿತ್ತು. ಮದ್ರಾಸಿನ ಕಾರ್ಪೊರೇಷನ್ ಸ್ಟೇಡಿಯಂನಲ್ಲಿ ಮೊದಲ ಟೆಸ್ಟ್. ಕೀಪರ್ ಆಗಿ ಆಯ್ಕೆಯಾದವರು ಎಂಜಿನಿಯರ್. ಅವರಿಗೆ ಹುಷಾರು ತಪ್ಪಿತು, ಕುಂದರನ್‌ಗೆ ಬುಲಾವ್ ಬಂತು.

ಅವರು ಇನಿಂಗ್ಸ್ ಆರಂಭಿಸಿದರು. ಮೊದಲ ದಿನದ ಆಟ ಮುಗಿದಾಗ ಔಟಾಗದೆ 170. ಒಂದೇ ದಿನದಲ್ಲಿ 170 ರನ್ನು, ಅದೂ 1964ರಲ್ಲಿ, ದಿನವಿಡೀ 200 ರನ್ ಆದರೆ ಸಾಕು ಅನ್ನುವ ಕಾಲದಲ್ಲಿ! ಮಾರನೇ ದಿನ 192ಕ್ಕೆ ಔಟಾದರು. 31 ಬೌಂಡರಿ. ವಿಜಯ್ ಮಂಜ್ರೇಕರ್ ಕೂಡ ಶತಕ ಹೊಡೆದರು, ಭಾರತ 7 ವಿಕೆಟ್‌ಗೆ 457 ಮಾಡಿ ಡಿಕ್ಲೇರ್ ಮಾಡಿತು.

ಆದರೆ ಆ ಟೆಸ್ಟ್ ಪಂದ್ಯವನ್ನು ಕ್ರಿಕೆಟ್ ಲೋಕ ನೆನಪಿಟ್ಟಿರುವುದು ಬೇರೆ ಕಾರಣಕ್ಕೆ. ಬಾಪು ನಾಡಕರ್ಣಿ ಅದೇ ಪಂದ್ಯದಲ್ಲಿ ಸತತ 21 ಮೇಡನ್ ಓವರ್ ಎಸೆದರು. 32 ಓವರ್, 27 ಮೇಡನ್, ಕೊಟ್ಟದ್ದು 5 ರನ್. ಕ್ವಿಜ್ ಪುಸ್ತಕಗಳಲ್ಲಿ ಇದು ತಪ್ಪದೆ ಇರುತ್ತದೆ. ಒಂದೇ ಪಂದ್ಯದಲ್ಲಿ ಒಬ್ಬರು ರನ್ ಕೊಡದೆ ಅಮರರಾದರು, ಇನ್ನೊಬ್ಬರು 192 ಹೊಡೆದೂ ಆ ಸ್ಕೋರ್‌ಕಾರ್ಡಿನ ಇನ್ನೊಂದು ಸಾಲಾಗಿ ಉಳಿದರು.

ಆ ಸರಣಿಯ ಐದೂ ಟೆಸ್ಟ್ ಡ್ರಾ ಆದವು. ದೆಹಲಿಯಲ್ಲಿ ಕುಂದರನ್ ಇನ್ನೊಂದು ಶತಕ ಹೊಡೆದರು. ಅಲ್ಲೂ ಸುದ್ದಿ ಬೇರೆಯವರದೇ ಆಯಿತು: ಹನುಮಂತ್ ಸಿಂಗ್ ಮೊದಲ ಟೆಸ್ಟಿನಲ್ಲೇ ಶತಕ, ಪಟೌಡಿ ದ್ವಿಶತಕ. ಕೊನೆಗೆ ಲೆಕ್ಕ ಹಾಕಿದರೆ 10 ಇನಿಂಗ್ಸ್, 525 ರನ್, ಸರಾಸರಿ 52.50. ಅಲ್ಲಿಯವರೆಗೆ ಭಾರತದ ಯಾವ ಕೀಪರ್ ಕೂಡ ಒಂದು ಸರಣಿಯಲ್ಲಿ 500 ದಾಟಿರಲಿಲ್ಲ. ಆಮೇಲೂ ಯಾರೂ ದಾಟಿಲ್ಲ. 192 ಅನ್ನುವ ಅವರ ಅತಿ ಹೆಚ್ಚಿನ ಸ್ಕೋರನ್ನು ಮೀರಲು ಭಾರತದ ಕೀಪರೊಬ್ಬರಿಗೆ 49 ವರ್ಷ ಬೇಕಾಯಿತು. 2013ರ ಫೆಬ್ರುವರಿಯಲ್ಲಿ ಧೋನಿ ಆಸ್ಟ್ರೇಲಿಯಾ ಮೇಲೆ 224 ಹೊಡೆದರು. ಅದೂ ಅದೇ ಊರಿನಲ್ಲಿ, ಚೆಪಾಕ್ ಮೈದಾನದಲ್ಲಿ. ಆ ದಿನ ಪತ್ರಿಕೆಗಳು ಕುಂದರನ್ ಹೆಸರನ್ನು ಹುಡುಕಿ ಒಂದು ಸಾಲು ಬರೆದವು. ಅಷ್ಟರಲ್ಲಿ ಅವರು ತೀರಿಕೊಂಡು ಆರು ವರ್ಷ ದಾಟಿತ್ತು.

ಮುಂದಿನ ಸರಣಿಗೆ ಮನೆಯಲ್ಲಿ

525 ರನ್ ಹೊಡೆದ ಮೇಲೆ ಏನಾಗಬೇಕಿತ್ತು? ಎರಡು ಮೂರು ವರ್ಷ ಜಾಗದ ಚಿಂತೆ ಇಲ್ಲದೆ ಆಡಬೇಕಿತ್ತು ಅಂತ ನಾವು ಅಂದುಕೊಳ್ಳುತ್ತೇವೆ.

ಆದದ್ದು ಇದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ಭಾರತಕ್ಕೆ ಬಂದು ಮೂರು ಟೆಸ್ಟ್ ಆಡಿತು. ಮೂರರಲ್ಲೂ ಕೀಪಿಂಗ್ ಮಾಡಿದವರು ಇಂದ್ರಜಿತ್‌ಸಿಂಹಜಿ. ಅದಾದ ಮೇಲೆ 1965ರಲ್ಲಿ ನ್ಯೂಜಿಲೆಂಡ್ ಬಂತು. ಆಗ ಎಂಜಿನಿಯರ್ ಮರಳಿ ಬಂದರು. ಕುಂದರನ್ ಮತ್ತೆ ಟೆಸ್ಟ್ ಆಡಿದ್ದು 1966ರ ಕೊನೆಗೆ, ವೆಸ್ಟ್ ಇಂಡೀಸ್ ವಿರುದ್ಧ. ಅಂದರೆ ಸರಣಿಯ ದಾಖಲೆ ಮಾಡಿದ ಮನುಷ್ಯ ಮುಂದಿನ ಟೆಸ್ಟಿಗೆ ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾದರು.

ಇಂದ್ರಜಿತ್‌ಸಿಂಹಜಿ ಆಡಲು ಬಾರದವರೇನಲ್ಲ. ಬೊಂಬಾಯಿಯಲ್ಲಿ ಚಂದು ಬೋರ್ಡೆ ಜೊತೆ ಕೊನೆಯವರೆಗೆ ನಿಂತು ಎರಡು ವಿಕೆಟ್‌ಗಳ ಆ ಗೆಲುವು ತಂದುಕೊಟ್ಟವರಲ್ಲಿ ಅವರೂ ಒಬ್ಬರು. ಎಂಜಿನಿಯರ್ ಅಂತೂ ದೊಡ್ಡ ಆಟಗಾರರೇ. ಹಾಗಾಗಿ ಯಾರು ಮೇಲು ಅನ್ನುವುದಕ್ಕಿಂತ ಬೇರೆ ವಿಷಯ ಇಲ್ಲಿದೆ. ಆಯ್ಕೆಗಾರರು ಕಾರಣ ಹೇಳಬೇಕಾಗಿರಲಿಲ್ಲ, ಆಟಗಾರ ಕೇಳುವಂತಿರಲಿಲ್ಲ. ಇವತ್ತಿನ ಹಾಗೆ ವಾರ್ಷಿಕ ಗುತ್ತಿಗೆ ಇರಲಿಲ್ಲ. ತಂಡದಲ್ಲಿದ್ದರೆ ಒಂದು ಟೆಸ್ಟಿಗೆ ಕೆಲವು ನೂರು ರೂಪಾಯಿ, ಇಲ್ಲದಿದ್ದರೆ ಅದೂ ಇಲ್ಲ. ರೈಲ್ವೆ, ಬ್ಯಾಂಕು, ಟಾಟಾದಂಥ ಕಂಪನಿಗಳು ಕೊಡುವ ನೌಕರಿಯೇ ಆಟಗಾರನ ಅನ್ನ.

ಬಂದ ಅವಕಾಶವನ್ನು ಕುಂದರನ್ ಬಿಡಲಿಲ್ಲ. ಬೊಂಬಾಯಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಎರಡನೇ ಇನಿಂಗ್ಸ್‌ನಲ್ಲಿ ವೇಗವಾಗಿ 79 ಹೊಡೆದರು. ಆದರೆ ಮದ್ರಾಸಿನ ಮೂರನೇ ಟೆಸ್ಟಿಗೆ ಎಂಜಿನಿಯರ್ ಬಂದು, ಮೊದಲ ದಿನ ಊಟದ ಹೊತ್ತಿಗೆ 94 ಮಾಡಿಬಿಟ್ಟರು. ಗ್ಲೌಸ್ ಮತ್ತೆ ಕೈ ಬದಲಾಯಿತು. ಮದ್ರಾಸ್ ಕೊಟ್ಟದ್ದನ್ನು ಮದ್ರಾಸೇ ತೆಗೆದುಕೊಂಡ ಹಾಗಾಯಿತು.

ಮೈಸೂರು ಟೋಪಿ

ಇಷ್ಟರಲ್ಲಿ ಕುಂದರನ್ ರೈಲ್ವೇಸ್ ಬಿಟ್ಟು ಮೈಸೂರು ತಂಡಕ್ಕೆ ಬಂದಿದ್ದರು. 1960ರ ದಶಕದ ಎರಡನೇ ಅರ್ಧವಿಡೀ ಅವರು ಇಲ್ಲಿಗೇ ಆಡಿದರು. ಕರಾವಳಿಯ ಹುಡುಗ ಬೊಂಬಾಯಿ ಸುತ್ತಿ, ರೈಲು ಹತ್ತಿ, ಕೊನೆಗೆ ಕನ್ನಡ ನಾಡಿನ ತಂಡ ಸೇರಿದಂತಾಯಿತು.

ಆಗಿನ ಮೈಸೂರು ತಂಡದಲ್ಲಿ ಯಾರ್‍ಯಾರಿದ್ದರು ನೋಡಿ. ವಿ. ಸುಬ್ರಹ್ಮಣ್ಯ, ಪ್ರಸನ್ನ, ಚಂದ್ರಶೇಖರ್. 1967ರಲ್ಲಿ ಜಿ. ಆರ್. ವಿಶ್ವನಾಥ್ ಅನ್ನುವ ಸಣ್ಣ ಮೈಕಟ್ಟಿನ ಹುಡುಗ ಬಂದು ಮೊದಲ ರಣಜಿ ಪಂದ್ಯದಲ್ಲೇ 230 ಹೊಡೆದ. ಕುಂದರನ್ ಹಾಗೆಯೇ ಮೊದಲ ರಣಜಿಯಲ್ಲಿ ದ್ವಿಶತಕ ಕಂಡ ಇನ್ನೊಬ್ಬ. ಚಿನ್ನಸ್ವಾಮಿ ಸ್ಟೇಡಿಯಂ ಆಗ ಇರಲಿಲ್ಲ. ತವರು ಪಂದ್ಯಗಳು ನಡೆಯುತ್ತಿದ್ದದ್ದು ಸೆಂಟ್ರಲ್ ಕಾಲೇಜು ಮೈದಾನದಲ್ಲಿ. ಇವತ್ತು ಕೆಂಗೇರಿಯಲ್ಲೋ ವಿಜಯನಗರದಲ್ಲೋ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಕಿಟ್ ಬ್ಯಾಗ್ ಕಾಲ ನಡುವೆ ಇಟ್ಟುಕೊಂಡು ಚಿನ್ನಸ್ವಾಮಿ ಕಡೆ ಹೋಗುವ ಹುಡುಗರು, ಮೆಜೆಸ್ಟಿಕ್ ದಾಟಿದ ಮೇಲೆ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಆ ಮೈದಾನದ ಪಕ್ಕದಲ್ಲೇ ಹಾದು ಹೋಗುತ್ತಾರೆ.

1967ರ ಬೇಸಿಗೆಯಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಲಾರ್ಡ್ಸ್‌ನಲ್ಲಿ ಎರಡನೇ ಇನಿಂಗ್ಸ್ 110ಕ್ಕೆ ಕುಸಿಯಿತು, ಅದರಲ್ಲಿ 47 ಕುಂದರನ್ ಅವರದು. ಆಮೇಲೆ ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಏಕೈಕ ಟೆಸ್ಟ್ ಅದು. ಸ್ಪಿನ್ನರ್‌ಗಳು ನಾಲ್ಕು ಜನ ಸರಿ, ಹೊಸ ಚೆಂಡು ಹಾಕುವವರು ಯಾರು? ವೇಗಿಗಳು ಪೆಟ್ಟಾಗಿ ಕೂತಿದ್ದರು. ಸುಬ್ರಹ್ಮಣ್ಯ ಒಂದು ಕಡೆಯಿಂದ ಎಸೆದರು. ಇನ್ನೊಂದು ಕಡೆಯಿಂದ ಎಸೆಯಲು ಚೆಂಡು ಕೊಟ್ಟದ್ದು ಕುಂದರನ್ ಕೈಗೆ!

ಕೀಪಿಂಗ್ ಎಂಜಿನಿಯರ್ ಮಾಡುತ್ತಿದ್ದರು. ಕುಂದರನ್ ಬ್ಯಾಟಿಂಗ್‌ಗೂ ಆರಂಭಿಕ, ಬೌಲಿಂಗ್‌ಗೂ ಆರಂಭಿಕ. ನಾಲ್ಕು ಓವರ್ ಎಸೆದರು, ವಿಕೆಟ್ ಸಿಗಲಿಲ್ಲ. ಇದನ್ನು ತಮಾಷೆಯ ಪ್ರಸಂಗವಾಗಿ ಹೇಳುವವರು ಬಹಳ ಜನ. ನಿಜ, ತಮಾಷೆಯಾಗಿಯೇ ಇದೆ. ಆದರೆ ಇನ್ನೊಂದು ಮಗ್ಗುಲಿನಿಂದ ನೋಡಿ: ತಂಡಕ್ಕೆ ಏನು ಬೇಕೋ ಅದನ್ನೆಲ್ಲ ಮಾಡಿದ ಮನುಷ್ಯ ಅವರು. ಗ್ಲೌಸ್ ಕೊಟ್ಟರೆ ಕೀಪಿಂಗ್, ಪ್ಯಾಡ್ ಕಟ್ಟು ಅಂದರೆ ಆರಂಭಿಕ, ಚೆಂಡು ಕೊಟ್ಟರೆ ಬೌಲಿಂಗ್. ನಾಲ್ವರು ಮೈಸೂರಿನವರು ಆಡಿದ ಆ ಪಂದ್ಯ ಅವರ ಕೊನೆಯ ಟೆಸ್ಟ್ ಆಯಿತು. ಆಗ ಅವರಿಗೆ 27 ವರ್ಷ.

ಆ ವಯಸ್ಸಿನಲ್ಲಿ ಬ್ಯಾಟಿಂಗ್ ಇನ್ನೂ ಪಕ್ವವಾಗುವ ಹೊತ್ತು. ಕುಂದರನ್‌ಗೆ ಅಷ್ಟರಲ್ಲಿ ಟೆಸ್ಟ್ ಬದುಕು ಮುಗಿದಿತ್ತು. 18 ಟೆಸ್ಟ್, 981 ರನ್, ಎರಡು ಶತಕ, ಸರಾಸರಿ 32.70. ಹೋಲಿಕೆಗೆ ಹೇಳುವುದಾದರೆ 46 ಟೆಸ್ಟ್ ಆಡಿದ ಎಂಜಿನಿಯರ್ ಸರಾಸರಿ 31.08, 88 ಟೆಸ್ಟ್ ಆಡಿದ ಕಿರ್ಮಾನಿಯವರದು 27.04. ಸಾವಿರ ರನ್‌ಗೆ ಬೇಕಿದ್ದದ್ದು ಹತ್ತೊಂಬತ್ತೇ ರನ್ನು. ಸಿಕ್ಕಲಿಲ್ಲ.

ಆಟವೇ ಸಂಬಳ ಕೊಡುವ ಊರಿಗೆ

ಇಂಗ್ಲೆಂಡಿನಲ್ಲಿ 1962ರವರೆಗೆ ಆಟಗಾರರನ್ನು ಎರಡು ಜಾತಿಯಾಗಿ ನೋಡುತ್ತಿದ್ದರು. ದುಡ್ಡಿಲ್ಲದೆ ಆಡುವ ಶ್ರೀಮಂತ ಹವ್ಯಾಸಿಗಳು ಒಂದು ಕಡೆ, ಕೂಲಿಗೆ ಆಡುವ ವೃತ್ತಿಪರರು ಇನ್ನೊಂದು ಕಡೆ. 1963ರ ಋತುವಿನಿಂದ ಆ ಭೇದ ಹೋಯಿತು. ಭಾರತದಲ್ಲಿ ಆ ಭೇದ ಹೆಸರಿಗೆ ಇರಲಿಲ್ಲ. ಆದರೆ ಇಲ್ಲಿ ನಡೆದದ್ದು ಇನ್ನೂ ವಿಚಿತ್ರ. ಬಡ ಮನೆಯ ಹುಡುಗರನ್ನೂ ರಾಜಕುಮಾರರ ನಿಯಮದಲ್ಲೇ ಆಡಿಸುತ್ತಿದ್ದರು. ಆಟ ಗೌರವ, ದೇಶಕ್ಕೆ ಆಡುವುದು ಪುಣ್ಯ, ದುಡ್ಡು ಕೇಳುವುದು ಸಣ್ಣತನ. ಅರಮನೆಯಿಂದ ಬಂದವರಿಗೆ ಈ ನಿಯಮ ಒಪ್ಪುತ್ತದೆ. ಪಾರ್ಕಿನಲ್ಲಿ ಮಲಗಿ ಬಂದವರಿಗೆ?

ಈ ತಿಕ್ಕಾಟ ಕುಂದರನ್‌ಗೆ ಮೊದಲೇ ಇತ್ತು. 1952ರಲ್ಲಿ ವಿನೂ ಮಂಕಡ್ ಲ್ಯಾಂಕಶೈರ್ ಲೀಗಿನ ಹ್ಯಾಸ್ಲಿಂಗ್ಡನ್ ಕ್ಲಬ್ಬಿಗೆ ವೃತ್ತಿಪರ ಆಟಗಾರರಾಗಿ ಹೋಗಿದ್ದರು. ಭಾರತ ತಂಡದಲ್ಲಿ ಜಾಗದ ಖಾತ್ರಿ ಕೊಡಲು ಮಂಡಳಿ ಒಪ್ಪಿರಲಿಲ್ಲ. ತಂಡ ಸೋಲತೊಡಗಿದ ಮೇಲೆ ಕ್ಲಬ್ಬಿನಿಂದ ಅವರನ್ನು ಬಿಡಿಸಿಕೊಂಡು ಬಂದರು. ಅವರು ಲಾರ್ಡ್ಸ್‌ನಲ್ಲಿ 72 ಮತ್ತು 184 ಹೊಡೆದು ಐದು ವಿಕೆಟ್ಟೂ ತೆಗೆದರು. ಅಷ್ಟು ದೊಡ್ಡ ಆಟಗಾರರಿಗೇ ಆ ಪಾಡು.

ಕುಂದರನ್ 1970ರಲ್ಲಿ ಹೊರಟರು. ಸ್ಕಾಟ್ಲೆಂಡಿನ ಗ್ಲಾಸ್ಗೋ ಪಕ್ಕದ ಕೋಟ್‌ಬ್ರಿಜ್ ಅನ್ನುವ ಊರು. ಒಂದು ಕಾಲಕ್ಕೆ ಕಬ್ಬಿಣದ ಕುಲುಮೆಗಳಿಗೆ ಹೆಸರಾದ ಕಾರ್ಮಿಕರ ಊರು. ಅಲ್ಲಿನ ಡ್ರಂಪೆಲಿಯರ್ ಕ್ರಿಕೆಟ್ ಕ್ಲಬ್ ಅವರನ್ನು ವೃತ್ತಿಪರ ಆಟಗಾರರಾಗಿ ಕರೆಸಿಕೊಂಡಿತು. ಭಾರತದಲ್ಲಿ ಕ್ರಿಕೆಟ್ ನಡೆಸುವ ರೀತಿಯ ಬಗ್ಗೆ ತಮ್ಮ ಅಸಮಾಧಾನವನ್ನು ಮುಚ್ಚಿಡದೆಯೇ ಅವರು ಹೋದರು.

ಕ್ಲಬ್ ವೃತ್ತಿಪರ ಅಂದರೆ ಏನು ಕೆಲಸ ಅನ್ನುವುದನ್ನು ಸ್ವಲ್ಪ ಹೇಳಬೇಕು. ಅಂಥ ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಸಂಬಳದ ಆಟಗಾರ ಒಬ್ಬನೇ. ಉಳಿದ ಹತ್ತು ಜನ ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಆಡಲು ಬರುವವರು. ಹಾಗಾಗಿ ತಂಡ ಸೋತರೆ ಎಲ್ಲರ ಕಣ್ಣೂ ಆ ಒಬ್ಬನ ಮೇಲೆ. ಮಕ್ಕಳಿಗೆ ಆಟ ಕಲಿಸುವುದೂ ಅವನ ಪಾಲಿಗೇ ಬರುತ್ತದೆ. ಮಳೆ, ಚಳಿ, ಒದ್ದೆ ಪಿಚ್ಚು, ಕೆಲವೇ ನೂರು ಪ್ರೇಕ್ಷಕರು. ಬ್ರೇಬೋರ್ನ್ ಸ್ಟೇಡಿಯಂನ ಗದ್ದಲಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ? ಆದರೆ ಇಲ್ಲಿ ಒಂದು ಒಪ್ಪಂದ ಇತ್ತು. ಇಷ್ಟು ಕೆಲಸ, ಇಷ್ಟು ಸಂಬಳ. ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ ಅಂತ ರೇಡಿಯೊ ಮುಂದೆ ಕೂರುವ ಕಷ್ಟ ಇರಲಿಲ್ಲ.

ಅವರು ಅಲ್ಲಿಯೇ ನೆಲೆ ನಿಂತರು. 1980ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡ್ ತಂಡ ಇಂಗ್ಲೆಂಡಿನ ಬೆನ್ಸನ್ ಅಂಡ್ ಹೆಜಸ್ ಕಪ್‌ನಲ್ಲಿ ಆಡತೊಡಗಿದಾಗ, ನಲವತ್ತು ದಾಟಿದ ಕುಂದರನ್ ಕೌಂಟಿ ತಂಡಗಳ ವಿರುದ್ಧ ಸ್ಕಾಟ್ಲೆಂಡ್ ಪರ ಕಣಕ್ಕಿಳಿದರು. ಮೂಲ್ಕಿಯಲ್ಲಿ ಹುಟ್ಟಿ, ಭಾರತಕ್ಕೆ ಆಡಿ, ಸ್ಕಾಟ್ಲೆಂಡಿಗೂ ಆಡಿದ ಮನುಷ್ಯ. 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. 66 ವರ್ಷ ವಯಸ್ಸಾಗಿತ್ತು.

ಯಾವ ವಿಳಾಸಕ್ಕೆ ಸೇರಿದವರು?

ನಮ್ಮ ನೆನಪಿಗೆ ಒಂದು ವಿಳಾಸ ಬೇಕು. ಪ್ರಸನ್ನ, ಚಂದ್ರ, ವಿಶಿ, ಕಿರ್ಮಾನಿ ಇಲ್ಲೇ ಇದ್ದರು, ಕಣ್ಣಿಗೆ ಕಂಡರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರು ಬಂತು. ಅದೇ ಋತುವಿನಲ್ಲಿ, ಸತತ 15 ವರ್ಷ ಗೆದ್ದಿದ್ದ ಬೊಂಬಾಯಿಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಹೊರಹಾಕಿ ನಮ್ಮ ತಂಡ ಮೊದಲ ರಣಜಿ ಟ್ರೋಫಿ ಗೆದ್ದಿತು. ಆ ಕಥೆಯ ಫೋಟೊದಲ್ಲಿ ಇದ್ದವರೆಲ್ಲ ನಮ್ಮ ಮನೆಯವರಾದರು. ಕುಂದರನ್ ಅದಕ್ಕೆ ಕೆಲವೇ ವರ್ಷ ಮೊದಲು ಹೊರಟಿದ್ದರು. ಗ್ಲೌಸ್ ಕಿರ್ಮಾನಿ ಕೈಗೆ ಬಂದಿತ್ತು. ಕುಂದರನ್ ತೊಟ್ಟದ್ದು ಮೈಸೂರು ಟೋಪಿ, ಕರ್ನಾಟಕದ್ದಲ್ಲ. ಬೊಂಬಾಯಿಯವರಿಗೆ ಅವರು ರೈಲ್ವೇಸ್ ಆಟಗಾರ, ರೈಲ್ವೇಸ್‌ಗೆ ಮೈಸೂರಿನವರು, ಮೈಸೂರಿಗೆ ವಿದೇಶಕ್ಕೆ ಹೋದವರು. ಹಳೆಯ ಸ್ಕೋರ್‌ಕಾರ್ಡುಗಳಲ್ಲಿ ಹೆಸರೂ ಒಂದೇ ಥರ ಇಲ್ಲ. ಕೆಲವು ಕಡೆ ಕುಂದರಂ, ಕೆಲವು ಕಡೆ ಕುಂದರನ್.

ಇನ್ನೊಂದು ಕಾರಣವೂ ಇದೆ. ಅವರು ಬೇಗ ಹುಟ್ಟಿದರು. ಕೀಪರ್ ಅಂದರೆ ಪಂದ್ಯ ತಿರುಗಿಸುವ ಬ್ಯಾಟರ್ ಕೂಡ ಆಗಿರಬೇಕು ಅನ್ನುವ ಲೆಕ್ಕಾಚಾರ ಗಟ್ಟಿಯಾದದ್ದು ಆಡಂ ಗಿಲ್‌ಕ್ರಿಸ್ಟ್ ಬಂದ ಮೇಲೆ. ಧೋನಿ, ಪಂತ್ ಆ ದಾರಿಯಲ್ಲಿ ಬಂದವರು. ಮೂಲ್ಕಿಯಿಂದ ಅದೇ ಹೆದ್ದಾರಿಯಲ್ಲಿ ಮಂಗಳೂರು ಕಡೆಗೆ ಸ್ವಲ್ಪ ಬಂದರೆ ಸುರತ್ಕಲ್. ಅಲ್ಲಿ ಬೆಳೆದ ಕೆ. ಎಲ್. ರಾಹುಲ್ 2023ರ ಡಿಸೆಂಬರ್‌ನಲ್ಲಿ ಸೆಂಚುರಿಯನ್‌ನಲ್ಲಿ ಕೀಪರ್ ಆಗಿ ಟೆಸ್ಟ್ ಶತಕ ಹೊಡೆದರು. ಆರಂಭಿಕನಾಗು, ಕೀಪರ್ ಆಗು, ಆರಕ್ಕೆ ಇಳಿ ಅಂದಾಗೆಲ್ಲ ಒಪ್ಪಿಕೊಂಡು ಆಡಿದ ಅವರ ಆಟ ನೋಡಿದವರಿಗೆ ಕುಂದರನ್ ಕಥೆ ಹೊಸದು ಅನಿಸುವುದಿಲ್ಲ. ವ್ಯತ್ಯಾಸ ಇಷ್ಟೇ: ರಾಹುಲ್‌ಗೆ ಗುತ್ತಿಗೆ ಇದೆ, ಐಪಿಎಲ್ ಇದೆ. ಒಂದು ಸರಣಿ ಹೋದರೆ ಬದುಕು ಹೋಗುವುದಿಲ್ಲ.

ಹಾಗಂತ ಈಗ ಎಲ್ಲವೂ ಸರಿಹೋಗಿದೆ ಅಂದುಕೊಳ್ಳುವುದೂ ಬೇಡ. ಐಪಿಎಲ್ ತಂಡಗಳಲ್ಲಿ ಜಾಗ ಸಿಗುವುದು ಕೆಲವರಿಗೆ. ರಾಜಾಜಿನಗರ, ಕೆಂಗೇರಿಯ ಕ್ಯಾಂಪುಗಳಲ್ಲಿ ಇವತ್ತು ಪ್ಯಾಡ್ ಕಟ್ಟುವ ಮಕ್ಕಳಲ್ಲಿ ಬಹುಪಾಲು ಆ ಮಟ್ಟ ಮುಟ್ಟುವುದಿಲ್ಲ. ಓದು ಬದಿಗಿಟ್ಟು, ಮನೆಯ ಉಳಿತಾಯವನ್ನು ಬ್ಯಾಟು, ಶೂ, ಕೋಚಿಂಗ್ ಫೀಸಿಗೆ ಹಾಕಿ, 24ನೇ ವಯಸ್ಸಿಗೆ ಮುಂದೇನು ಅಂತ ನಿಲ್ಲುವ ಹುಡುಗ ಹುಡುಗಿಯರು ಕ್ರಿಕೆಟ್‌ನಲ್ಲೂ ಇದ್ದಾರೆ. ಹಾಕಿ, ಕಬಡ್ಡಿ, ಅಥ್ಲೆಟಿಕ್ಸ್‌ನಲ್ಲಂತೂ ಹೇಳುವುದೇ ಬೇಡ. ರೈಲ್ವೆ, ಬ್ಯಾಂಕುಗಳ ಕ್ರೀಡಾ ಕೋಟಾದ ನೌಕರಿ ಈಗಲೂ ಅವರ ಪಾಲಿನ ದೊಡ್ಡ ಆಸರೆ. ಅವರ ಮನೆಯಲ್ಲಿ ಯಾರಾದರೂ ಆಟದಿಂದ ಏನು ಸಿಗುತ್ತದೆ ಅಂತ ಕೇಳಿದರೆ, ಆ ಅಪ್ಪನನ್ನೋ ಅಮ್ಮನನ್ನೋ ಆಟದ ವಿರೋಧಿ ಅಂತ ದೂರುವುದು ಸುಲಭ. 525 ರನ್ ಹೊಡೆದವರಿಗೂ ಸಿಗದ ಖಾತ್ರಿಯನ್ನು ಅವರು ಕೇಳುತ್ತಿದ್ದಾರೆ, ಅಷ್ಟೇ.

ಕುಂದರನ್ ದೇಶ ಬಿಟ್ಟರು ಅನ್ನುವುದಕ್ಕಿಂತ, ದೇಶದ ಕ್ರಿಕೆಟ್ ಅವರನ್ನು 27ನೇ ವಯಸ್ಸಿಗೆ ಬಿಟ್ಟಿತು ಅನ್ನುವುದು ಸತ್ಯಕ್ಕೆ ಹತ್ತಿರ. ಅವರು ಹೋಗಿ ಮಾಡಿದ್ದು ಅದೇ ಕೆಲಸವನ್ನೇ: ಪ್ಯಾಡ್ ಕಟ್ಟಿದರು, ಗ್ಲೌಸ್ ಹಾಕಿದರು, ಆಡಿದರು. ಮುಂದೆ ಯಾವನಾದರೂ ಭಾರತದ ಕೀಪರ್ ಒಂದು ಸರಣಿಯಲ್ಲಿ 526ನೇ ರನ್ ಓಡುತ್ತಾನೆ. ಆ ದಿನ ಟಿವಿಯವರು ಹಳೆಯ ಕಪ್ಪುಬಿಳುಪು ಫೋಟೊ ಹುಡುಕುತ್ತಾರೆ. ಅದಕ್ಕೆ ಮೊದಲೇ ಈ ಹೆಸರು ನಮಗೆ ಗೊತ್ತಿರಲಿ: ಬುಧಿ ಕುಂದರನ್, ಊರು ಮೂಲ್ಕಿ.